ಮೂವರ ಮೂಗಿನಲ್ಲಿ

ಬಡಗಿಯ ಕಾಲಿನ ಗಾಯ ಮೂರನೇ ಸಲ ಕೀವು ಕಟ್ಟಿದಾಗ ಡಾಕ್ಟರು ಸುತ್ತಿಬಳಸಿ ಮಾತಾಡಲಿಲ್ಲ. "ಮೂಳೆಗೆ ಇಳೀತು ಅಂದ್ರೆ ಕಾಲು ತೆಗೆಯೋದು ಬಿಟ್ಟು ಬೇರೆ ದಾರಿ ಇರಲ್ಲಮ್ಮ."

ಕೇಳುತ್ತ ನಿಂತಿದ್ದಳು ಅವನ ಹೆಂಡತಿ. ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದವಳು ಅವಳು. ಏಣಿಯಿಂದ ಬಿದ್ದ ಗಂಡನ ಕಾಲಿಗೆ ಪ್ಲೇಟು ಹಾಕಿ ನಾಲ್ಕು ತಿಂಗಳಾಗಿತ್ತು. ಗಾಯ ಮಾಯುತ್ತಿತ್ತು, ಮನೆಗೆ ಬಂದ ಹದಿನೈದು ದಿನಕ್ಕೆ ಮತ್ತೆ ಕೆಂಪಗೆ ಊದಿಕೊಳ್ಳುತ್ತಿತ್ತು.

"ಮಾಮೂಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇದು. ಮನೆಗೆ ಹೋದ ಮೇಲೇ ಬರ್ತಿದೆ. ಯಾರ್ಯಾರಿದ್ದೀರಿ ಮನೇಲಿ?"

"ನಾನು, ಇವರು, ನಮ್ಮತ್ತೆ." ತಡೆದು ಹೇಳಿದಳು, "ಒಂದು ನಾಯಿ ಇದೆ. ಇವರ ಕಾಲ ಹತ್ರಾನೇ ಮಲಗುತ್ತೆ."

ಡಾಕ್ಟರು ಎಲ್ಲರ ಮೂಗಿನೊಳಗೂ ಹತ್ತಿ ಕಡ್ಡಿ ಆಡಿಸಿ ಮಾದರಿ ತೆಗೆಸಿದರು. ಪಶುವೈದ್ಯರು ಬಂದು ನಾಯಿಯದನ್ನೂ ತೆಗೆದುಕೊಂಡು ಹೋದರು. ವರದಿಗೆ ನಾಲ್ಕು ದಿನ ಬೇಕಿತ್ತು, ಬಡಗಿ ವಾರ್ಡಿನಲ್ಲೇ ಉಳಿದ.

ನಾಯಿಗೆ ದಫೇದಾರ ಎಂದು ಹೆಸರಿಟ್ಟವನು ಬಡಗಿಯೇ. ಬಂದವರನ್ನು ಚಪ್ಪಲಿಯಿಂದ ಚೀಲದವರೆಗೆ ಮೂಸಿ ತಪಾಸಣೆ ಮಾಡದೆ ಅದು ಒಳಗೆ ಬಿಡುತ್ತಿರಲಿಲ್ಲ.

"ಇನ್ನೆಂಥ ವರದಿ?" ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗಾಡಿದಳು. "ನನ್ನ ಮಗನ ಕಾಲು ಮುಖ್ಯಾನೋ, ಆ ನಾಯಿ ಮುಖ್ಯಾನೋ? ಇವತ್ತೇ ಸಾಗಹಾಕು ಅದನ್ನ!"

ಸೊಸೆಗೂ ತಲೆ ಕೆಟ್ಟುಹೋಗಿತ್ತು. ಆಸ್ಪತ್ರೆಯ ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರನನ್ನು ಕಾಡಿ ಬೇಡಿ, ನಾಯಿಯನ್ನು ಹತ್ತಿಸಿಕೊಂಡು ಊರಾಚೆಯ ಮರದ ಡಿಪೋಗೆ ಹೋದಳು. ಬಡಗಿ ಹಲಗೆ ಕೊಳ್ಳಲು ಬರುವಾಗಲೆಲ್ಲ ನಾಯಿಯನ್ನೂ ಕರೆತರುತ್ತಿದ್ದ ಜಾಗ ಅದು. ಇಳಿದದ್ದೇ ತಡ, ಯಜಮಾನ ಒಳಗೇ ಇದ್ದಾನೆಂದುಕೊಂಡು ದಫೇದಾರ ಬಾಲ ಅಲ್ಲಾಡಿಸುತ್ತ ಓಡಿತು. ಅವಳು ವ್ಯಾನಿನ ಬಾಗಿಲು ಎಳೆದುಕೊಂಡಳು. ದಾರಿಯುದ್ದಕ್ಕೂ ಡ್ರೈವರ್ ಅವಳ ಕಡೆ ತಿರುಗಿ ನೋಡಲಿಲ್ಲ.

ವರದಿ ಬಂತು. ಅತ್ತೆಯ ಮೂಗಿನಲ್ಲಿ ಏನೂ ಇರಲಿಲ್ಲ. ಬಡಗಿ, ನಾಯಿ, ಅವಳು, ಈ ಮೂವರಲ್ಲೂ ಒಂದೇ ಬ್ಯಾಕ್ಟೀರಿಯಾ.

"ನನಗೆ ಒಂದು ಕೆಮ್ಮೂ ಇಲ್ಲವಲ್ಲ ಡಾಕ್ಟ್ರೇ?"

"ಏನೂ ಆಗದೇ ಮೂಗಲ್ಲಿ ಇರಬಹುದು. ಆಸ್ಪತ್ರೆ ಬಟ್ಟೆ ಒಗೆಯೋರಿಗೆ ಹತ್ತೋದುಂಟು. ಯಾರಿಂದ ಯಾರಿಗೆ ಅಂತ ಖಡಾಖಂಡಿತ ಹೇಳೋಕಾಗಲ್ಲ. ಆದ್ರೆ ಈ ಜಾತಿದು ಮನುಷ್ಯರಿಂದ ನಾಯಿಗೆ ಹೋಗೋದೇ ಹೆಚ್ಚು. ನೀವಿಬ್ಬರೂ ವಾಸಿಯಾದ್ರೆ ಅದರದ್ದು ಸಾಮಾನ್ಯವಾಗಿ ತಾನೇ ಹೋಗುತ್ತೆ."

ದಿನಾ ಬ್ಯಾಂಡೇಜು ಬಿಚ್ಚಿ ಕಟ್ಟುತ್ತಿದ್ದವಳು ಅವಳು. ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕುಳಿತಳು. ಆಮೇಲೆ ವಾರ್ಡಿಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ, ಗೋಡೆಯ ಕಡೆ ಹೊರಳಿ ಮಲಗಿದ. "ಅದನ್ನ ಹುಡುಕು," ಎಂದದ್ದಷ್ಟೇ.

ಮನೆಯಲ್ಲಿ ವಿಷಯ ಕೇಳಿದ ಅತ್ತೆ ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿಕೊಂಡಳು. "ನಡಿ, ನಾನೂ ಬರ್ತೀನಿ. ಸಾಗಹಾಕು ಅಂದಿದ್ದು ಈ ಬಾಯೇ ತಾನೇ."

ಡಿಪೋದಲ್ಲಿ ನಾಯಿ ಇರಲಿಲ್ಲ. "ಒಂದು ದಿನ ಪೂರ್ತಿ ಗರಗಸದ ಮಿಷಿನ್ ಪಕ್ಕ ಕೂತಿತ್ತು," ಎಂದ ಕಾವಲುಗಾರ. "ಆಮೇಲೆ ಹತಾರದ ಪೆಟ್ಟಿಗೆ ಹಿಡಿದ ಯಾರದೋ ಹಿಂದೆ ಹೋಯ್ತು."

ಬಡಗಿಗಳು ಕೆಲಸ ಮಾಡುವ ಕಟ್ಟಡಗಳನ್ನೆಲ್ಲ ಅತ್ತೆ ಸೊಸೆ ಒಂದೊಂದಾಗಿ ಜಾಲಾಡಿದರು. ಮೂರನೇ ದಿನ, ಅರ್ಧ ಎದ್ದ ಮನೆಯೊಂದರಲ್ಲಿ ಹಲಗೆ ರಾಶಿಯ ಕೆಳಗೆ ಸಿಕ್ಕಿತು. ಪಕ್ಕೆಲುಬು ಎಣಿಸಬಹುದಿತ್ತು, ಒಂದು ಕಿವಿ ಹರಿದಿತ್ತು.

"ದಫೇದಾರ," ಎಂದಳು ಅವಳು. ನಾಯಿ ಹಲ್ಲು ಕಿರಿಯಿತು. ಒಂದು ಹೆಜ್ಜೆ ಮುಂದಿಟ್ಟರೆ ಅದು ಎರಡು ಹೆಜ್ಜೆ ಹಿಂದೆ ಸರಿಯಿತು. ಅವಳು ಸಿಮೆಂಟಿನ ಧೂಳಿನಲ್ಲೇ ಕೂತು ಕೈ ಚಾಚಿದಳು.

"ಬಾರೋ ನನ್ನಪ್ಪಾ," ಎಂದಳು ಅತ್ತೆ, ಅದನ್ನು ಇದುವರೆಗೆ ಒಂದು ಸಲವೂ ಮುದ್ದು ಮಾಡದವಳು. ನಾಯಿ ಹೊಟ್ಟೆ ಎಳೆದುಕೊಂಡು ಅವಳ ಕಾಲಬಳಿ ಬಂತು.

ಗಂಡ ಹೆಂಡತಿ ಮೂಗಿಗೆ ಮುಲಾಮು ಹಚ್ಚಿಕೊಂಡರು, ಔಷಧಿ ಸೋಪಿನಲ್ಲಿ ಮಿಂದರು. ಹೊದಿಕೆಗಳೆಲ್ಲ ಕುದಿಯುವ ನೀರು ಕಂಡವು. ನಾಯಿಯನ್ನು ಹಿಂದಿನ ಕೋಣೆಯಲ್ಲಿ ಬೇರೆ ಇಟ್ಟು, ಅತ್ತೆಯೇ ಕೈಗವಸು ಹಾಕಿ ಆರೈಕೆ ಮಾಡಿದಳು. ಎರಡು ತಿಂಗಳ ಮೇಲೆ ಗಾಯ ಮುಚ್ಚಿತು. ಕಾಲು ಉಳಿಯಿತು, ಸ್ವಲ್ಪ ಸೆಟೆದುಕೊಂಡೇ. ಮರುಪರೀಕ್ಷೆಯಲ್ಲಿ ಮೂವರೂ ಪಾರಾದರು.

ದಫೇದಾರ ಈಗ ಮತ್ತೆ ಬಡಗಿಯ ಪಕ್ಕ ಮಲಗುತ್ತದೆ. ಅವಳು ತಟ್ಟೆ ಇಟ್ಟರೆ ಮಾತ್ರ ಮುಟ್ಟುವುದಿಲ್ಲ, ದೂರ ನಿಂತು ಅವಳನ್ನೇ ನೋಡುತ್ತದೆ. ಅವಳು ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ. ನಾಯಿ ತಿನ್ನುವ ಸದ್ದು ಕೇಳುವವರೆಗೂ ಹೊರಗೆ ಬರುವುದಿಲ್ಲ.