ಅಡುಗೆಮನೆಯಲ್ಲಿ ಬೆಳೆದ ಕುದುರೆ

ಒದ್ದೆ ಕುದುರೆಯ ಮೈವಾಸನೆಗೆ ನೀಲಗಿರಿ ಸೌದೆಯ ಹೊಗೆ ಬೆರೆತರೆ ನೆರಿಡಾಗೆ ಈಗಲೂ ಅಪ್ಪನ ಕೋಟು ನೆನಪಾಗುತ್ತದೆ. ಅಪ್ಪ ಹಿಮಬೆಟ್ಟಗಳಿಂದ ಕಾಡುಕುದುರೆಗಳನ್ನು ಅಟ್ಟಿ ತಂದು ನಾಯಿಗಳಿಗೆ ಹಾಕುವ ಮಾಂಸಕ್ಕೆಂದು ಮಾರುತ್ತಿದ್ದವನು. ಬಾಗಿಲ ಹಿಂದೆ ನೇತುಹಾಕಿದ ಆ ಕೋಟಿನಲ್ಲಿ ಮುಖ ಹುದುಗಿಸಿ ಅವಳು ಎಷ್ಟೋ ಹೊತ್ತು ನಿಂತಿರುತ್ತಿದ್ದಳು. ಇವತ್ತು ಬೆಳಿಗ್ಗೆ, ಮಳೆ ನಿಂತ ದೊಡ್ಡಿಯಲ್ಲಿ ಟೀಪಾಟ್ ಎಂಬ ಕುದುರೆ ಹೊಸಬಳೊಬ್ಬಳ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಾಗ ಅದೇ ವಾಸನೆ ಬಂತು.

"ಅಯ್ಯೋ, ಎಷ್ಟು ಸಾಧು ರೀ ಇವನು!" ಎಂದಳು ಮಗಳಿಗೆಂದು ಕುದುರೆ ನೋಡಲು ಬಂದವಳು. ಜಸಿಂಟಾ ಎಂದು ಹೆಸರು, ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. "ನನ್ನ ಮಗಳು ನೋಡಿದ್ರೆ ಹಾಸಿಗೆಗೇ ಕರ್ಕೊಂಡು ಹೋಗ್ತಾಳೆ."

"ಅವನೂ ಹೋಗ್ತಾನೆ ಬಿಡಿ," ಎಂದ ಬೇಲಿಗೆ ಒರಗಿದ್ದ ಪಕ್ಕದ ಜಮೀನಿನ ಹೆಕ್. "ಕಾಲು ಒರೆಸಿಕೊಳ್ಳೋದೊಂದು ಕಲ್ತಿಲ್ಲ."

ನೆರಿಡಾ ನಗಲಿಲ್ಲ. ಬೆಟ್ಟದಿಂದ ಹಿಡಿದು ತಂದ ಕುದುರೆಗಳಲ್ಲಿ ಮನೆ ಸಿಗದವು ಕಸಾಯಿಖಾನೆಗೆ ಹೋಗುತ್ತವೆ. ಕೈಲಾದಷ್ಟನ್ನು ಅವಳು ತಂದು ಪಳಗಿಸಿ ಒಳ್ಳೆಯ ಮನೆಗಳಿಗೆ ಕಳಿಸುತ್ತಾಳೆ. ಹೆದರಿದ ಕುದುರೆಗೆ ಮನುಷ್ಯ ಒಂದು ಹೆಜ್ಜೆ ಹಿಂದೆ ಸರಿಯುವುದೇ ದೊಡ್ಡ ಬಹುಮಾನ. ಆ ಒಂದು ಹೆಜ್ಜೆಯಿಂದಲೇ ಅವಳ ಪಾಠವೆಲ್ಲ ಶುರು. ಟೀಪಾಟ್‌ಗೆ ಮಾತ್ರ ಆ ಹೆಜ್ಜೆಯಿಂದ ಏನೂ ಆಗುವುದಿಲ್ಲ. ಅವನಿಗೆ ಹೆದರಿಕೆಯೇ ಗೊತ್ತಿಲ್ಲ.

ಹಿಮದಲ್ಲಿ ಸತ್ತ ತಾಯಿಯ ಪಕ್ಕ ಸಿಕ್ಕ ಮರಿ ಅವನು. ಅಡುಗೆಮನೆಯ ಒಲೆಯ ಬದಿಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದ. ಚಹಾದ ಟೀಪಾಟಿನೊಳಗೆ ಮೂತಿ ತೂರಿಸಿ ಆ ಹೆಸರು ಪಡೆದ. ಮುಂಗಾಲೆರಡನ್ನೂ ಅವಳ ಹೆಗಲ ಮೇಲಿಟ್ಟರೆ ಅವಳು ಹಾಡು ಗುನುಗುತ್ತ ಕುಣಿಸುತ್ತಿದ್ದಳು. "ಬೇರೆ ಕುದುರೆಗಳ ಜೊತೆ ಬಿಡೇ, ನಾಲ್ಕು ಒದೆ ತಿಂದು ಮರ್ಯಾದೆ ಕಲೀಲಿ," ಎಂದು ಹೆಕ್ ಆಗಲೇ ಹೇಳಿದ್ದ. ಬಿಟ್ಟಳು. ಮುದಿ ಹೆಣ್ಣುಕುದುರೆಯೊಂದು ಕಚ್ಚಿದ್ದೇ ತಡ, ಓಡಿಹೋಗಿ ಮರಿಯನ್ನು ಮತ್ತೆ ಒಳಗೆ ಕರೆತಂದಳು.

ಹೋದ ಬೇಸಿಗೆಯಲ್ಲಿ ಮೈತುಂಬ ಬೆಳೆದ ಟೀಪಾಟ್ ಮತ್ತೆ ಕುಣಿಯಲು ಬಂದ. ಅವಳ ಹೆಗಲ ಮೂಳೆ ಮುರಿಯಿತು. ಆಮೇಲೆ ಅವನಿಂದಲೇ ಲಾಳ ಕಟ್ಟುವವನು ಆಸ್ಪತ್ರೆ ಸೇರಿದ. ಪಳಗಿಸುವುದರಲ್ಲಿ ಅವಳಿಗಿಂತ ಗಟ್ಟಿಗರು ಇಬ್ಬರು ಟೀಪಾಟ್‌ನನ್ನು ಕರೆದೊಯ್ದು, ಮುಖ ಕೆಳಗೆ ಹಾಕಿಕೊಂಡು ವಾಪಸು ತಂದುಬಿಟ್ಟರು. ಬೆಟ್ಟಕ್ಕೆ ಬಿಟ್ಟರೆ ಮೊದಲು ಕಂಡ ಟೆಂಟಿಗೇ ನುಗ್ಗುವವನು. ನೋಡಲು ಬರುವವರಲ್ಲಿ ಜಸಿಂಟಾ ಕೊನೆಯವಳು, ಅವಳೂ ಒಯ್ಯದಿದ್ದರೆ ಬೇರೆ ದಾರಿಯಿಲ್ಲ ಎಂದು ನೆರಿಡಾಳೂ ಹೆಕ್ಕೂ ಮಾತಾಡಿಕೊಂಡಿದ್ದರು.

ಮಗಳಿಗೆ ಫೋಟೋ ಕಳಿಸಬೇಕೆಂದು ಜಸಿಂಟಾ ಫೋನು ತೆಗೆದು, ಕುದುರೆಗೆ ಬೆನ್ನುಮಾಡಿ ನಿಂತಳು. ಟೀಪಾಟ್‌ನ ಕಿವಿ ನಿಮಿರಿದವು. ಮೈಭಾರ ಹಿಂಗಾಲಿಗೆ ಸರಿಯಿತು.

"ಈಚೆ ಬನ್ನಿ!"

ನೆರಿಡಾ ಅವಳ ತೋಳು ಹಿಡಿದು ಗೇಟಿನಾಚೆ ಎಳೆದಳು. ಮುಂಗಾಲಿನ ಎರಡೂ ಗೊರಸು ಗೇಟಿನ ಮೇಲಿನ ಅಡ್ಡಪಟ್ಟಿಗೆ ಬಿದ್ದವು. ಮರ ಸೀಳಿತು. ಟೀಪಾಟ್ ಕೆಳಗಿಳಿದು, ಯಾಕೆ ಆಟ ನಿಂತಿತು ಎನ್ನುವ ಹಾಗೆ ಇಬ್ಬರನ್ನೂ ನೋಡಿದ.

"ಆಟಕ್ಕೆ ಮಾಡಿದ್ದು, ಅಲ್ವಾ?" ಜಸಿಂಟಾ ಸೀಳಿದ ಪಟ್ಟಿಯನ್ನೇ ನೋಡುತ್ತ ಕೇಳಿದಳು.

"ಆಟಕ್ಕೇ. ನಾನೇ ಕಲಿಸಿದ್ದು."

"ಇನ್ನೂ ಚಿಕ್ಕವನಲ್ವಾ? ಹೇಳಿಕೊಟ್ರೆ ಸರಿಹೋಗ್ತಾನೆ, ಅಲ್ವಾ?"

ಹೌದು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಟೀಪಾಟ್ ಸಂಜೆಯೊಳಗೆ ಬೇರೊಂದು ಹುಲ್ಲುಗಾವಲಿನಲ್ಲಿ ಮೇಯುತ್ತಿರುತ್ತಾನೆ. ಹೆಕ್ ತನ್ನ ಬೂಟಿನ ಕಡೆ ನೋಡುತ್ತಿದ್ದ.

"ಇಲ್ಲಮ್ಮಾ," ಎಂದಳು ನೆರಿಡಾ. "ನಿಮ್ಮ ಮಗಳ ಹತ್ರ ಇವನು ಬರೋದು ಬೇಡ."

ಜಸಿಂಟಾ ಕಾರಿನಿಂದ ಒಂದು ಚೀಲ ತಂದು ಗೇಟಿನ ಕಂಬಕ್ಕೆ ಸಿಕ್ಕಿಸಿದಳು. "ಕ್ಯಾರೆಟ್ಟು. ಮಗಳು ತೊಳೆದು ಕಳಿಸಿದ್ದು. ಕೊಟ್ಬಿಡಿ." ನೆರಿಡಾಳ ಮುರಿದು ಸೊಟ್ಟಗೆ ಕೂಡಿದ್ದ ಹೆಗಲನ್ನು ಬೆರಳ ತುದಿಯಿಂದ ಮುಟ್ಟಿ ಕಾರು ಹತ್ತಿದಳು.

ಕಾರಿನ ಸದ್ದು ಅಡಗಿದ ಮೇಲೆ ಹೆಕ್ ತನ್ನ ಗಾಡಿಯ ಸೀಟಿನ ಹಿಂದಿನಿಂದ ಕೋವಿ ತೆಗೆದ. "ಒಳಗೆ ಹೋಗು ನೀನು."

"ನಾನೇ ಹಿಡ್ಕೋತೀನಿ."

"ಯಾರು ಹಿಡಿದ್ರೂ ನಿಲ್ತಾನೆ ಕಣೇ ಅವನು."

"ಅದಕ್ಕೇ ನಾನು ಹಿಡ್ಕೋತೀನಿ ಅಂದಿದ್ದು."

ಉಳಿದ ಕುದುರೆಗಳಿಗೆ ಕಾಣದಂತೆ ಕೊಟ್ಟಿಗೆಯ ಹಿಂದಕ್ಕೆ ನಡೆದರು. ಟೀಪಾಟ್ ದಾರಿಯುದ್ದಕ್ಕೂ ಚೀಲಕ್ಕೆ ಮೂತಿ ತಿವಿಯುತ್ತ ಬಂದ. ನೆರಿಡಾ ಒಂದೊಂದೇ ಕ್ಯಾರೆಟ್ ಕೊಟ್ಟಳು. ಹೆಕ್ ಎಲ್ಲ ಮುಗಿಯುವ ತನಕ ಕಾದ. ಕೊನೆಯದನ್ನು ಟೀಪಾಟ್ ಇನ್ನೂ ಅಗಿಯುತ್ತಿದ್ದ.

ಆಮೇಲೆ ಹೆಕ್ ಟಾರ್ಪಾಲು ಹೊದಿಸಿ ಅಂಚುಗಳಿಗೆ ಕಲ್ಲಿಟ್ಟ. ತೊಟ್ಟಿಯ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದ. ನೆರಿಡಾ ಗಾಡಿಯ ಹಿಂಬದಿಯ ಹಲಗೆಯ ಮೇಲೆ ಖಾಲಿ ಹಗ್ಗ ಹಿಡಿದು ಕೂತಿದ್ದಳು. ಅಲ್ಲಿಂದ ದೊಡ್ಡಿ ಕಾಣುತ್ತಿತ್ತು, ಗೇಟು ತೆರೆದೇ ಇತ್ತು.

ಹೆಕ್ ಬಂದು ಪಕ್ಕದಲ್ಲಿ ಕೂತ. ಊಟದ ಡಬ್ಬಿ ಬಿಚ್ಚಿದ. ಬೆಳಿಗ್ಗೆ ಮನೆಯಲ್ಲೇ ಕಟ್ಟಿ ತಂದ ಪೊಟ್ಟಣ ಎರಡಿದ್ದವು: ತಣ್ಣನೆಯ ಕುರಿಮಾಂಸ, ಉಪ್ಪಿನಕಾಯಿ ಸವರಿದ ಬ್ರೆಡ್ಡು. ಅವಳ ಕೈಯಿಂದ ಹಗ್ಗವನ್ನು ಮೆಲ್ಲಗೆ ಬಿಡಿಸಿ, ಒಂದು ಪೊಟ್ಟಣವನ್ನು ಆ ಕೈಯಲ್ಲಿಟ್ಟ.