ಯಾವ ಬಿಡು

ಹಸಿರು ದೀಪ ಹತ್ತಿತು, ಅಂದರೆ ಯಂತ್ರ ತಯಾರು, ನನ್ನ ಕಾಲು ಪೆಡಲಿನ ಮೇಲೆ, ಬೆವರಿಗೆ ಚಪ್ಪಲಿ ಜಾರುತ್ತಿದೆ, ಭಲೇ ಟೆಕ್ನಿಷಿಯನ್ ಕಣಮ್ಮ ನೀನು, ಹನ್ನೊಂದು ವರ್ಷದಿಂದ ಇದೇ ಪೆಡಲು ಒತ್ತಿದವಳು ಇವತ್ತು ಕೆಳಗೆ ನೋಡಿ ನೋಡಿ ಒತ್ತುತ್ತಿದ್ದೀಯ, ಯಾಕೆಂದರೆ ಮಂಚದ ಮೇಲಿರುವುದು ಅಪ್ಪ, ಬೇರೆ ಯಾರನ್ನಾದ್ರೂ ಕರೆಸ್ತೀನಿ ಎಂದರು ಡಾಕ್ಟರಮ್ಮ, ಬೇಡ ಮೇಡಂ ನಾನೇ ಮಾಡ್ತೀನಿ ಎಂದೆ, ಜಂಬ, ಈಗ ಅನುಭವಿಸು. ಔಷಧಿ ಅಪ್ಪನ ರಕ್ತಕ್ಕೆ ಹೋಗಿ ಹದಿನೆಂಟು ನಿಮಿಷ, ಇಪ್ಪತ್ತೆಂಟರೊಳಗೆ ಮುಗಿಸಬೇಕು, ಆಮೇಲೆ ಜೀವಕೋಶದ ಬಾಗಿಲು ತೆರೆದರೂ ಒಳಗೆ ಹೋಗಲು ಸಾಕಷ್ಟು ಔಷಧಿ ಇರುವುದಿಲ್ಲ — ಬಾಗಿಲು ತೆರೆಯುವುದು ಈ ಕರೆಂಟು, ಎಡಗಾಲಿನ ಕ್ಯಾನ್ಸರ್ ಗಡ್ಡೆಗೆ ಡಾಕ್ಟರಮ್ಮ ಬಾಚಣಿಗೆಯಂಥ ಸೂಜಿಸಾಲು ಚುಚ್ಚುತ್ತಾರೆ, ನಾನು ಒತ್ತುತ್ತೇನೆ, ಎಂಟು ಸಣ್ಣ ಏಟು, ಜೀವಕೋಶದ ಪೊರೆಯಲ್ಲಿ ತೂತು, ಔಷಧಿ ಒಳಕ್ಕೆ, ಒಟ್ಟು ಹನ್ನೆರಡು ಜಾಗ, ಆರು ಮುಗಿದಿವೆ, ಇದನ್ನೆಲ್ಲ ವಿವರಿಸಿದಾಗ ಅಪ್ಪ ನಕ್ಕಿದ್ದ, ಮೂವತ್ತೆಂಟು ವರ್ಷ ಕರೆಂಟು ಕಂಬದ ಮೇಲೆ ಕೆಲಸ ಮಾಡಿ ಒಂದ್ಸಲಾನೂ ಶಾಕ್ ಹೊಡಿಸ್ಕೊಂಡಿಲ್ಲ ಕಣೇ, ಈಗ ಮಗಳ ಕೈಲೇ ಹೊಡಿಸ್ಕೋಬೇಕಾ. ಕೈಯಲ್ಲ ಅಪ್ಪ, ಕಾಲು. ಏಳನೆಯದು, ಒತ್ತಿದೆ, ಮೀನಖಂಡ ಸೆಟೆದು ಎಗರಿತು, ಅರೆನಿದ್ದೆಯ ಅಪ್ಪನ ಬಾಯಿಂದ ಒಂದು ಮಾತು ಹೊರಬಿತ್ತು — ಬಿಡು.

ಡಾಕ್ಟರಮ್ಮನ ಕೈ ನಿಂತಿತು. ಬಿಡು ಅಂದ್ರಲ್ವಾ, ಅವರು ಬೇಡ ಅಂದ್ರೆ ನಾನು ಮುಂದುವರಿಸೋ ಹಾಗಿಲ್ಲ, ನೀನೇ ಕೇಳಮ್ಮ. ಏನು ಕೇಳಲಿ ಮೇಡಂ, ನಮ್ಮ ಮನೆಯಲ್ಲಿ ಬಿಡು ಎರಡಿವೆ, ಒಂದು ಕಂಬದ್ದು, ಕೆಲಸ ಮುಗಿಸಿ ಇಳಿದ ಮೇಲೆ ಅಪ್ಪ ಕೂಗುತ್ತಿದ್ದದ್ದು, ಕರೆಂಟು ಬಿಡು ಅಂತ, ಆದರೆ ಅಷ್ಟಕ್ಕೇ ಯಾರೂ ಬಿಡುವಂತಿರಲಿಲ್ಲ, ಸ್ವಿಚ್ ಹತ್ತಿರ ನಿಂತವನು ಇಳಿದ್ಯಾ ಎಂದು ಕೇಳಬೇಕು, ಇಳಿದೆ ಎಂಬ ಉತ್ತರ ಬರಬೇಕು, ಆಮೇಲೇ ಹಿಡಿಗೆ ಕೈ, ಊಟದ ಡಬ್ಬಿ ಹಿಡಿದು ನಿಂತು ನಾನೇ ಎಷ್ಟು ಸಲ ಕೇಳಿಲ್ಲ. ಇನ್ನೊಂದು ಅಮ್ಮನ ವಾರ್ಡಿನದು, ನಾಲ್ಕನೇ ಸುತ್ತಿನ ಔಷಧಿ, ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಅಪ್ಪ ಹೊರಗೆ ಬಂದು ನನ್ನ ಭುಜ ಹಿಡಿದು ಹೇಳಿದ, ಸಾಕು ಮಗಳೇ, ಬಿಡು, ಚಿಕಿತ್ಸೆ ಅಲ್ಲಿಗೇ ನಿಂತಿತು, ನಾನು ಆರು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದೆ, ನಿಜ ಹೇಳಬೇಕೆಂದರೆ ಇನ್ನೂ ಪೂರ್ತಿ ಕ್ಷಮಿಸಿಲ್ಲ. ಈಗ ಇದು ಯಾವುದು, ನನಗೆ ಬೇಕಾದ ಬಿಡು ನನಗೆ ಕೇಳಿಸುತ್ತಿದೆ, ಅದೇ ಭಯ, ಇಪ್ಪತ್ತೊಂದು ನಿಮಿಷ, ಇಪ್ಪತ್ತೆರಡು, ಐದು ಜಾಗ ಬಾಕಿ, ಬಾಕಿ ಉಳಿದರೆ ಅಲ್ಲಿಂದಲೇ ಗಡ್ಡೆ ಮತ್ತೆ ಏಳುತ್ತದೆ, ಬೇಗ ಕೇಳಮ್ಮ ಎನ್ನುತ್ತಾರೆ ಡಾಕ್ಟರಮ್ಮ, ಬಾಗಿದೆ, ಅವನ ಕಿವಿಯಲ್ಲಿ ಕೇಳಿದೆ, ಅಪ್ಪ, ಇಳಿದ್ಯಾ.

ಇಳಿದೆ ಅನ್ನು, ದಮ್ಮಯ್ಯ, ಒಂದೇ ಮಾತು, ಅಪ್ಪನ ತುಟಿ ಅಲುಗಿತು, ಇಲ್ಲ, ಇನ್ನೂ ಮೇಲಿದೀನಿ. ಮೇಲಿರುವಾಗ ಅಪ್ಪ ಯಾವತ್ತೂ ಬಿಡು ಎಂದವನಲ್ಲ, ಹಾಗಾದರೆ ಇದು ಅಮ್ಮನ ಬಿಡು, ಸಾಕಾಗಿದೆ ಅವನಿಗೆ, ಅಲ್ಲ, ಮಂಪರಿನಲ್ಲಿದ್ದಾನೆ, ಏನೋ ಬಡಬಡಿಸುತ್ತಾನೆ, ಒತ್ತಿಬಿಡಲೇ, ಒತ್ತಿದರೂ ಯಾರು ಕೇಳುತ್ತಾರೆ — ಮೇಲೆ ಮನುಷ್ಯ ಇದ್ದಾನೆ ಎಂದು ಗೊತ್ತಿದ್ದೂ ಕರೆಂಟು ಬಿಡುವವಳಾ ನೀನು, ಅವನ ಮಗಳಾಗಿ. ಚಪ್ಪಲಿ ಎತ್ತಿದೆ. ಹಾಗಾದ್ರೆ ಇಳಿ ಅಪ್ಪ, ನಿಧಾನಕ್ಕೆ, ನೀನು ಇಳಿಯೋ ತನಕ ನಾನು ಮುಟ್ಟಲ್ಲ. ಇಪ್ಪತ್ತನಾಲ್ಕು. ಏನಮ್ಮ ಹೇಳ್ತಿದೀಯ, ಹೊತ್ತಿಲ್ಲ. ಇಳೀತಾರೆ ಮೇಡಂ, ಒಂದ್ನಿಮಿಷ. ಇಳಿಯುತ್ತಾನೋ ಇಲ್ಲವೋ, ಇಳಿಯದಿದ್ದರೆ ಸೂಜಿ ತೆಗೆಸುತ್ತೇನೆ, ತೆಗೆಸುತ್ತೇನೆಯೇ, ಆಗ ಹೊದಿಕೆಯೊಳಗೆ ಬಲಗಾಲು ಅಲುಗಿತು, ಹೆಬ್ಬೆರಳು ಕೆಳಕ್ಕೆ ಚಾಚಿ ತಡಕಿತು, ಕಂಬದ ಏಣಿಯ ಮೆಟ್ಟಿಲಿಗೆ ತಡಕುವ ಹಾಗೆ, ಸಿಕ್ಕಿತೇನೋ, ಊರಿತು, ಮತ್ತೆ ಚಾಚಿತು, ಇಪ್ಪತ್ತೈದು, ಬಾ ಅಪ್ಪ, ಇನ್ನೊಂದು, ನನ್ನ ಕಾಲು ಪೆಡಲಿಗಿಂತ ಒಂದು ಬೆರಳು ಮೇಲೆ, ಅವನ ಹೆಬ್ಬೆರಳು ಹೊದಿಕೆಯೊಳಗೆ ತಡಕುತ್ತಿದೆ, ಇನ್ನೊಂದು ಮೆಟ್ಟಿಲಿಗೆ ತಡಕುತ್ತಿದೆ