ತಾಯಿ ಕಾಣಬಾರದು

ಮುಂದಿನ ಕುರ್ಚಿಯವನ ಅಂಗಿಯ ಕಾಲರ್ ಸವೆದುಹೋಗಿ, ಅದನ್ನು ಬಿಚ್ಚಿ, ತಿರುಗಿಸಿ, ಮತ್ತೆ ಕೂರಿಸಿದ್ದಾರೆ, ಯಂತ್ರದ ಹೊಲಿಗೆಯಲ್ಲ, ಕೈಹೊಲಿಗೆ, ಎಡಗಡೆ ಎಳೆ ಬಿಗಿಯಾಗಿ ಬಟ್ಟೆ ಸುಕ್ಕುಗಟ್ಟಿದೆ, ಹೆಂಡತಿಯೇ ಹೊಲಿದಿರಬೇಕು, ಅವಸರದಲ್ಲಿ, ಬೆಳಗಿನ ಬಸ್ಸಿಗೆ ಮುಂಚೆ — ಸಾನ್ಸಿಯಾಳ ಬೆರಳು ತುರಿಸುತ್ತದೆ, ಒಂದು ಸೂಜಿ ಸಿಕ್ಕಿದರೆ ಇಲ್ಲೇ ಕೂತು ಸರಿಮಾಡಿಕೊಡುತ್ತಿದ್ದಳು, ಬಟ್ಟೆ ಹೊಲಿದು ಬದುಕುವವಳಿಗೆ ಎಲ್ಲಿ ಹೋದರೂ ಕಣ್ಣು ಹೊಲಿಗೆಯ ಮೇಲೇ, ಸಾವಿನ ಮನೆಗೆ ಹೋದರೂ ಹೆಣದ ಕೋಟಿನ ತೋಳು ನೋಡುತ್ತೀಯಲ್ಲೇ ಅಂತ ಗಂಡ ವಲೇರಿಯನ್ ನಗುತ್ತಿದ್ದ, ಆಗ ನಗುತ್ತಿದ್ದ. ಪಕ್ಕದಲ್ಲಿ ಜೆನು ಕಾಲಾಡಿಸುತ್ತಿದ್ದಾಳೆ, ಐದು ವರ್ಷದವಳಿಗೆ ಪಣಜಿಯ ಪಾಸ್‌ಪೋರ್ಟ್ ಕಚೇರಿಯ ಕುರ್ಚಿ ಎತ್ತರ, ಕಾಲು ನೆಲ ಮುಟ್ಟುವುದಿಲ್ಲ, ಒದೀಬೇಡ ಬಾಯೆ, ಮುಂದಿನ ಅಂಕಲ್‌ಗೆ ತಾಗುತ್ತೆ, ತಾಗಲ್ಲ ಮಮ್ಮಾ, ನಾನು ಅಳತೆ ಮಾಡಿಯೇ ಒದೀತಿರೋದು — ಅಳತೆಯಂತೆ, ಪಕ್ಕಾ ಅಮ್ಮನ ಮಗಳು. ನೀಲಿ ಚುಕ್ಕಿಯ ಹೊಸ ಫ್ರಾಕು, ಕೆಳಗಿನ ಅಂಚನ್ನು ಅಗಲವಾಗಿ ಒಳಗೆ ಮಡಚಿ ಹೊಲಿದದ್ದು, ಹುಡುಗಿ ಉದ್ದ ಆದ ಹಾಗೆ ಬಿಚ್ಚಿ ಬಿಡಲಿ ಅಂತ, ಬಿಚ್ಚುವವರು ಯಾರು ಅಲ್ಲಿ, ಸ್ವಿಂಡನ್ ಅನ್ನುವ ಆ ಇಂಗ್ಲೆಂಡಿನ ಊರಲ್ಲಿ, ಗುಂಡಿ ಕಿತ್ತುಹೋದರೆ ಅಂಗಿಯನ್ನೇ ಬಿಸಾಕುವ ಗಂಡಸು ಅವಳಪ್ಪ. ಇವತ್ತು ಇಲ್ಲಿ ಜೆನುವಿನ ನೀಲಿ ಪಾಸ್‌ಪೋರ್ಟಿನ ಮೂಲೆ ಕತ್ತರಿಸುತ್ತಾರೆ, ಅಷ್ಟೇ ಕೆಲಸ, ಆಮೇಲೆ ಕೆಳಗೆ ಕಾರಿನಲ್ಲಿ ಕಾಯುತ್ತಿರುವ ಅವಳಪ್ಪ ಅವಳನ್ನು ಕರೆದುಕೊಂಡು ಹೋಗುತ್ತಾನೆ, ಮೊದಲು ಅಜ್ಜಿ ಮನೆಗೆ, ಭಾನುವಾರ ವಿಮಾನಕ್ಕೆ. ಮೂಲೆ ಇರುವ ತನಕ ಜೆನು ಈ ದೇಶದವಳು, ಕತ್ತರಿಸಿದ ಮೇಲೆ ಪೋರ್ತುಗಲ್ಲಿನವಳು. ಪೋರ್ತುಗಲ್ಲನ್ನು ಅವಳು ನೋಡಿಲ್ಲ, ಅವಳಪ್ಪನೂ ನೋಡಿಲ್ಲ, ಲಿಸ್ಬನ್‌ನಲ್ಲಿ ಇಳಿದು ಬೇರೆ ವಿಮಾನ ಹತ್ತಿದನಂತೆ, ಅಷ್ಟು ಹೊತ್ತಿಗೆ ಒಂದು ಕಾಫಿ ಕುಡಿದನಂತೆ.

ಫ್ಯಾನಿನ ಗಾಳಿಗೆ ಮಡಿಲಲ್ಲಿರುವ ನೀಲಿ ಪುಸ್ತಕದ ರಟ್ಟು ಏಳುತ್ತದೆ, ಬೀಳುತ್ತದೆ, ಎದ್ದಾಗ ಒಳಗಿನ ಫೋಟೋ ಇಣುಕುತ್ತದೆ, ಆರು ತಿಂಗಳ ಜೆನು, ಕೂದಲಿಲ್ಲದ ತಲೆ, ಬಾಯಿ ಅರ್ಧ ತೆರೆದು — ಮಡಗಾಂವ್‌ನ ಸ್ಟುಡಿಯೋ, ಮಾರುಕಟ್ಟೆಯ ಹಿಂದೆ, ಮಹಡಿ ಮೇಲೆ, ಒಣಮೀನಿನ ವಾಸನೆ ಕಿಟಕಿಯಿಂದ, ಕೂಸಿಗೆ ಇನ್ನೂ ಆಸರೆಯಿಲ್ಲದೆ ಕೂರಲು ಬರುತ್ತಿರಲಿಲ್ಲ, ಹಿಂದೆ ಬಿಳಿ ಗೋಡೆ ಬೇಕು, ಮಗು ನೇರ ಕೂರಬೇಕು, ಯಾರ ಕೈಯೂ ಕಾಣಬಾರದು, ಅದು ಹೇಗಪ್ಪಾ ಆಗುತ್ತೆ ಅಂದರೆ ಸ್ಟುಡಿಯೋದವನು ಬಿಳಿ ಹೊದಿಕೆ ತಂದು, ನೋಡಿ ಬಾಯಿಯವರೇ, ನೀವು ಇದರೊಳಗೆ ಕೂತ್ಕೊಳ್ಳಿ, ಹಿಂದಿನಿಂದ ಹಿಡ್ಕೊಳ್ಳಿ, ತಾಯಿ ಕಾಣಬಾರದು ಅಷ್ಟೆ. ಹೊದಿಕೆಯೊಳಗೆ ಕತ್ತಲಲ್ಲ, ಹಾಲಿನಂಥ ಬೆಳಕು, ಉಸಿರು ಬಟ್ಟೆಗೆ ತಾಗಿ ಮುಖಕ್ಕೇ ವಾಪಸ್, ಅಂಗೈಯಲ್ಲಿ ಕೂಸಿನ ಪಕ್ಕೆ, ಪಕ್ಕೆಯೊಳಗೆ ಅದರ ಎದೆಬಡಿತ ಡಬಡಬ ಅಂತ, ಹೊರಗೆ ವಲೇರಿಯನ್ ಬೀಗದ ಕೈ ಅಲ್ಲಾಡಿಸಿ ಜೆನೂ ಜೆನೂ ಅಂತ ಕುಣಿಯುತ್ತಿದ್ದಾನೆ, ಅತ್ತೆ ಪಿಯೆದಾದ್ ನಾಲಿಗೆ ಲೊಚಗುಟ್ಟುತ್ತಿದ್ದಾಳೆ, ಕೆಳಗೆ ಬಗ್ಗು ಗೋ ಸಾನ್ಸಿಯಾ, ನಿನ್ನ ತಲೆ ಗುಡ್ಡದ ಹಾಗೆ ಕಾಣ್ತಿದೆ, ಎಲ್ಲರೂ ನಗುತ್ತಿದ್ದಾರೆ, ಒಳಗೆ ಅವಳೂ, ನಕ್ಕು ನಕ್ಕು ಕೈ ಜಾರಿತು. ಫೋಟೋ ಬಂದಾಗ ಕೂಸಿನ ಕಂಕುಳ ಹತ್ತಿರ, ಹೊದಿಕೆಯ ಅಂಚಿನಲ್ಲಿ, ಒಂದು ಬೆರಳ ತುದಿ. ಮತ್ತೊಂದು ತೆಗೆಯೋಣ ಅಂದರೆ ಜೆನು ಆಗಲೇ ಸ್ಟುಡಿಯೋ ಹಾರಿಹೋಗುವ ಹಾಗೆ ಅಳುತ್ತಿದ್ದಳು, ಬಿಡಿ ಬಾಯಿ, ಬಟ್ಟೆಯ ಮಡಿಕೆ ಅನ್ಕೋತಾರೆ, ಯಾರು ನೋಡ್ತಾರೆ. ಯಾರೂ ನೋಡಲಿಲ್ಲ. ಸಾನ್ಸಿಯಾ ಮಾತ್ರ ಅಲಮಾರು ತೆಗೆದಾಗಲೆಲ್ಲ ನೋಡುತ್ತಾಳೆ, ಕತ್ತರಿ ತಾಗಿ ಅರ್ಧ ಚಂದ್ರನ ಹಾಗೆ ಒಡೆದ ಉಗುರು, ಆ ವಾರ ಮದುವೆಯ ಗೌನು ಹೊಲಿಯುವಾಗ ಒಡೆದದ್ದು.

ಆ ನೀಲಿ ಪುಸ್ತಕ ಮಾಡಿಸಿದ್ದೇ ಅವನ ಹಡಗು ನೋಡಲು ಹೋಗಬೇಕು ಅಂತ, ಹಡಗಿನ ಅಡುಗೆಮನೆಯಲ್ಲಿ ಅವನಿಗೆ ಕೆಲಸ, ಹೆಣ್ಣು ಹುಟ್ಟಿತು ಅನ್ನುವ ಸುದ್ದಿ ಮುಟ್ಟಿದಾಗ ಹಡಗು ಜೆನೋವಾ ಬಂದರಿನಲ್ಲಿ ನಿಂತಿತ್ತು, ಹೆಸರು ಜೆನೋವಾ ಅಂತಲೇ ಇಡು ಅಂದ, ಸದ್ಯ ಹಡಗು ಮೊಂಬಾಸಾದಲ್ಲಿ ಇರಲಿಲ್ಲ. ನೋಡಲು ಹೋಗಲೇ ಇಲ್ಲ, ಪುಸ್ತಕದಲ್ಲಿ ಒಂದು ಮುದ್ರೆಯೂ ಬೀಳಲಿಲ್ಲ. ಅಷ್ಟರಲ್ಲಿ ಅವನಿಗೆ ಪೋರ್ತುಗಲ್ಲಿನ ಕೆಂಪು ಪಾಸ್‌ಪೋರ್ಟಿನ ಹುಚ್ಚು, ಅವನಿಗೊಬ್ಬನಿಗೇ ಅಲ್ಲ, ಅವರ ಊರು ಚಿಂಚಿಣಿಯ ಪ್ರತಿ ಕೇರಿಯಲ್ಲೂ ಅದೇ ಮಾತು, ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವಾಗ ನಿಮ್ಮವನದು ಬಂತಾ, ನಮ್ಮವನದು ಬಂತು. ಪೋರ್ತುಗೀಸರು ಹೋಗುವ ಮೊದಲು ಇಲ್ಲಿ ಹುಟ್ಟಿದವರು ಪೋರ್ತುಗಲ್ಲಿನವರೇ, ಅವರ ಮಕ್ಕಳೂ, ಮಕ್ಕಳ ಮಕ್ಕಳೂ, ಲಿಸ್ಬನ್ನಿನಲ್ಲಿ ಹೆಸರು ಬರೆಸಿದರಾಯಿತು, ಕೆಂಪು ಪುಸ್ತಕ ಕೈಗೆ ಬಂದರೆ ಇಂಗ್ಲೆಂಡಿನ ಕೆಲಸಕ್ಕೂ ದಾರಿ. ಸಾನ್ಸಿಯಾಳ ಅಪ್ಪ ಹುಟ್ಟಿದ್ದು ಕಾರವಾರದಲ್ಲಿ, ಕಾಳಿ ನದಿಯ ದಂಡೆಯಲ್ಲಿ, ಗಡಿ ದಾಟಿ ನಾಲ್ಕು ಹೆಜ್ಜೆ, ಅದೇ ಕೊಂಕಣಿ, ಅದೇ ಶಿಲುಬೆ, ಅದೇ ಮೀನುಸಾರು, ಆದರೆ ಹೆಸರು ಬರೆಸುವ ಹಾಗಿಲ್ಲ, ನದಿಯಾಚೆಯವಳು ಅಂತ ಪಿಯೆದಾದ್ ಮೊದಲೂ ಮೂಗು ಮುರಿಯುತ್ತಿದ್ದಳು, ಈಗ ಅದಕ್ಕೊಂದು ಕಾನೂನೂ ಸಿಕ್ಕಿತು. ಮಗುವಿನ ಹೆಸರೂ ಬರೆಸಿಬಿಡೋಣ ಅಂದ ವಲೇರಿಯನ್, ಇವಳೂ ಸಹಿ ಹಾಕಿದಳು, ಖುಷಿಯಿಂದ ಹಾಕಿದಳು, ಮಡಗಾಂವ್‌ನ ಏಜೆಂಟ್ ಹೇಳಿದ್ದನಲ್ಲ, ಮಗಳದು ಆದರೆ ತಾಯಿಯದು ಬಂದೇ ಬರುತ್ತೆ ಬಾಯಿ, ಮಗು ಅಲ್ಲಿ ತಾಯಿ ಇಲ್ಲಿ ಅಂತ ಯಾವ ದೇಶದಲ್ಲಾದರೂ ಇಡ್ತಾರಾ. ಇಡುತ್ತಾರೆ. ಆ ಹಕ್ಕು ಅಜ್ಜನಿಂದ ಅಪ್ಪನಿಗೆ ಬರುತ್ತೆ, ಅಪ್ಪನಿಂದ ಮಗಳಿಗೆ ಬರುತ್ತೆ, ಮಗಳಿಂದ ತಾಯಿಗೆ ಹತ್ತುವುದಿಲ್ಲ. ಗಂಡನ ಜೊತೆ ಸಂಸಾರ ಮಾಡುತ್ತಿದ್ದರೆ ಹೆಂಡತಿ ಅಂತ ಹೋಗಬಹುದಿತ್ತು, ಸಂಸಾರ ಎಲ್ಲಿ — ಸ್ವಿಂಡನ್ನಿನಿಂದ ಮೊದಲ ಸಲ ರಜೆಗೆ ಬಂದವನು ಅಂದ, ಅಲ್ಲಿ ಒಬ್ಬಳಿದ್ದಾಳೆ ಸಾನ್ಸು, ಒಳ್ಳೆಯವಳು, ನಿನ್ನ ಹತ್ರ ಸುಳ್ಳು ಹೇಳೋಕೆ ಮನಸ್ಸಾಗಲ್ಲ. ಸುಳ್ಳನ್ನೇ ಹೇಳಬೇಕಿತ್ತು ಮಾರಾಯ. ಆಮೇಲೆ ಚರ್ಚಿನ ವಿಗಾರರ ಮನೆಯ ಊಟದ ಮೇಜು, ಅವನು ಅತ್ತ, ಇವಳು ಇತ್ತ, ನಡುವೆ ಪೇರಳೆ ಮಿಠಾಯಿಯ ತಟ್ಟೆ, ಯಾರೂ ಮುಟ್ಟಲಿಲ್ಲ, ಎರಡೂ ದೇಶದವಳಾಗಿ ಇರಲು ಇಲ್ಲಿಯ ಕಾನೂನು ಬಿಡುವುದಿಲ್ಲ, ಮಗು ಇಲ್ಲೇ ಇದ್ದರೆ ಇನ್ನು ವಿದೇಶಿ, ವರ್ಷ ವರ್ಷ ಇರಲು ಅಪ್ಪಣೆ ಕೇಳಬೇಕು, ಅದಕ್ಕೆ ಅಪ್ಪನ ಸಹಿ, ನಾನು ಹಾಕಲ್ಲ ಫಾದರ್, ಅಂದ ವಲೇರಿಯನ್, ಅವಳಿಗೆ ಅಲ್ಲಿ ಒಳ್ಳೆ ಶಾಲೆ ಇದೆ. ಅಮ್ಮನ ಮನೆಯಲ್ಲಿ ಪರದೇಶಿಯಾಗಿ ಇರೋದಕ್ಕಿಂತ ಅಪ್ಪನ ಮನೆಯಲ್ಲಿ ಮಗಳಾಗಿ ಇರಲಿ, ಪಿಯೆದಾದ್ ಅಂದದ್ದು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡೇ ಅಂದದ್ದು. ಸಾನ್ಸಿಯಾ ಆಗಲಿ ಅಂದಳು. ಆ ಮಾತು ತನ್ನ ಬಾಯಿಂದ ಹೇಗೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ.

ಮಮ್ಮಾ, ನಮ್ಮ ನಂಬರ್ ಬಂತು, ಎಂಟು ಆದ್ಮೇಲೆ ಸೊನ್ನೆ, ನಾನು ಓದಿದೆ. ಹೌದು ಬಾಯೆ, ನೀನೇ ಓದಿದ್ದು. ಕಿಟಕಿಯ ಹಿಂದಿನ ಗುಮಾಸ್ತ ಬಾಯಲ್ಲಿ ಏಲಕ್ಕಿ ಜಗಿಯುತ್ತಿದ್ದಾನೆ, ಕೆಂಪು ಪುಸ್ತಕ ತೆಗೆದು ನೋಡುತ್ತಾನೆ, ನೀಲಿಯದು ತೆಗೆದು ನೋಡುತ್ತಾನೆ, ಹೆಸರು, ತಂದೆ ಎಲ್ಲಿ, ಕೆಳಗಿದ್ದಾರೆ, ಅವರ ಸಹಿ ಇದೆ, ತಾಯಿ ನೀವೇನಾ, ನಾನೇ, ತಾಯಿಯ ಒಪ್ಪಿಗೆ ಇದೆಯಾ — ಸುಮ್ಮನೆ ಕೇಳಿದ, ದಿನಾ ಕೇಳುವ ಮಾತು, ಮುಖವನ್ನೂ ಎತ್ತಲಿಲ್ಲ, ಆದರೆ ಸಾನ್ಸಿಯಾ ಜೆನುವಿನ ಫ್ರಾಕಿನ ಹೆಗಲು ಹಿಡಿದುಕೊಂಡಳು, ಇಲ್ಲ ಅಂದರೆ, ಇಲ್ಲ ಅಂದುಬಿಟ್ಟರೆ, ಮಗುವನ್ನು ಎತ್ತಿಕೊಂಡು ಹಿಂದಿನ ಮೆಟ್ಟಿಲಿಳಿದು ಬಸ್ಸು ಹತ್ತಿ ಕಾರವಾರಕ್ಕೆ, ನದಿಯಾಚೆಗೆ, ಅಪ್ಪನ ಮನೆಗೆ — ಅಲ್ಲಿ ಹೋದರೂ ಕೆಂಪು ಪುಸ್ತಕ ಕೆಂಪೇ, ಮಗು ಎಲ್ಲಿ ಬಚ್ಚಿಟ್ಟರೂ ಪರದೇಶಿಯೇ, ತಾನೇ ಖುಷಿಯಿಂದ ಹಾಕಿದ ಸಹಿ, ಆದರೂ ಹೂಂ ಅನ್ನಲು ಆಗುತ್ತಿಲ್ಲ, ಗುಮಾಸ್ತ ಈಗ ಮುಖ ಎತ್ತಿದ, ಬಾಯಿ, ಒಪ್ಪಿಗೆ ಇದೆಯಾ ಇಲ್ವಾ. ಇದೆ ಅಂಕಲ್, ಅಂದಳು ಜೆನು, ತುದಿಗಾಲಲ್ಲಿ ನಿಂತು ಗಲ್ಲವನ್ನು ಕಟ್ಟೆಗೆ ಊರಿ, ಇದೆ, ಮಮ್ಮಾ ಒಪ್ಪಿದಾಳೆ, ಫಾದರ್ ಮನೇಲಿ ಹೇಳಿದ್ದು ನಾನು ಕೇಳಿಸ್ಕೊಂಡಿದೀನಿ. ಭಲೇ, ನೀನೇ ದೊಡ್ಡವಳು ಹಾಗಾದ್ರೆ, ಗುಮಾಸ್ತ ನಕ್ಕ, ಡ್ರಾಯರ್ ಎಳೆದ, ಕತ್ತರಿ ತೆಗೆದ. ಮೊಂಡ ಕತ್ತರಿ, ನೋಡಿದ ಕೂಡಲೇ ಗೊತ್ತಾಯಿತು, ಕಾಗದ ಕತ್ತರಿಸಿ ಕತ್ತರಿಸಿ ಬಾಯಿ ಹೋದದ್ದು, ರಟ್ಟನ್ನು ಅಗಿಯಿತು, ಕತ್ತರಿಸಲಿಲ್ಲ, ಮತ್ತೆ ಒತ್ತಿದ, ಅವಳ ಚೀಲದಲ್ಲಿ ಹರಿತವಾದ ಕತ್ತರಿ ಇದೆ, ಕೊಡಲೇ ಅಂತ ಕೈ ತಾನಾಗಿ ಚೀಲಕ್ಕೆ ಹೋಯಿತು, ಥೂ, ಏನು ಮಾಡುತ್ತಿದ್ದೀಯೇ ನೀನು — ಅಷ್ಟರಲ್ಲಿ ಮೂಲೆ ಬಿತ್ತು, ಉಗುರಷ್ಟು ನೀಲಿ. ಆಮೇಲೆ ಪುಟ ತೆಗೆದು ರದ್ದು ಅಂತ ಮುದ್ರೆ ಒತ್ತಿದ, ತೊಗೊಳ್ಳಿ, ಇನ್ನು ಇವಳು ಬರಬೇಕಾದರೆ ವೀಸಾ ಬೇಕು, ಯಾರನ್ನು ನೋಡಲು ಬರ್ತಿದಾಳೆ ಅಂತ ಬರೀಬೇಕಾಗುತ್ತೆ, ನಿಮ್ಮ ಹೆಸರು ಬರೆಯಿರಿ.

ಮೆಟ್ಟಿಲಿಳಿಯುವಾಗ ಜೆನು ನೀಲಿ ಪುಸ್ತಕ ತನಗೆ ಬೇಕು ಅಂದಳು, ಮೂಲೆ ಕತ್ತರಿಸಿದ ಜಾಗಕ್ಕೆ ಬೆರಳಿಟ್ಟಳು, ಒಳಗೆ ತೆಗೆದಳು, ಇದು ನಾನಾ, ನೀನೇ, ಕೂದಲೇ ಇಲ್ಲ, ಇರಲಿಲ್ಲ, ಮಮ್ಮಾ ಇಲ್ಲಿ ನೋಡು, ಬಟ್ಟೆ ಹತ್ರ, ಇದು ಯಾರ ಬೆರಳು. ಇಷ್ಟು ವರ್ಷ ಯಾವ ಸಾಹೇಬನೂ ನೋಡದ್ದನ್ನು ಈ ಹುಡುಗಿ ನೋಡಿದಳಲ್ಲ, ಅದೂ ಇವತ್ತು. ನನ್ನದು. ಸುಳ್ಳು. ನೋಡು ಬೇಕಾದ್ರೆ, ಉಗುರು ಒಡೆದಿದೆ. ಜೆನು ಅವಳ ಕೈ ಎಳೆದು ಬೆರಳನ್ನು ಫೋಟೋದ ಪಕ್ಕ ಹಿಡಿದು ಒಂದೊಂದಾಗಿ ಅಳೆದಳು, ಉಗುರು ಯಾವಾಗಲೋ ಬೆಳೆದು ಸರಿಯಾಗಿದೆ, ಆದರೂ ಹೌದು ಅಂತ ಒಪ್ಪಿದಳು, ನೀನು ಆ ಬಟ್ಟೆ ಒಳಗೆ ಏನು ಮಾಡ್ತಿದ್ದೆ, ನಿನ್ನ ಹಿಡ್ಕೊಂಡಿದ್ದೆ, ಬೀಳಬಾರದು ಅಂತ. ಕೆಂಪು ಪುಸ್ತಕದಲ್ಲಿ ನೀನು ಎಲ್ಲಿ. ಅದರಲ್ಲಿ ನೀನೊಬ್ಬಳೇ ಕೂತಿದ್ದೆಯಲ್ಲ, ದೊಡ್ಡವಳಾಗಿ. ಹೋದ ತಿಂಗಳು, ಪೋರ್ತುಗಲ್ಲಿನವರ ಕಚೇರಿಯಲ್ಲಿ, ಎತ್ತರದ ಸ್ಟೂಲು, ಯಂತ್ರದ ಕಣ್ಣು, ತಾಯಿ ಸ್ವಲ್ಪ ಹೊರಗೆ ನಿಲ್ಲಬೇಕು ಅಂದಿದ್ದರು, ಇವಳು ಬಾಗಿಲ ಹೊರಗೆ ನಿಂತಿದ್ದಳು, ಜೆನು ಅಳಲಿಲ್ಲ, ನೆಟ್ಟಗೆ ಕೂತಿದ್ದಳು, ಬೀಳಲಿಲ್ಲ.

ಮಾಂಡವಿ ನದಿಯ ಕಡೆಯಿಂದ ಬಿಸಿ ಗಾಳಿ, ಬಿಳಿ ಕಾರು, ಬಾಡಿಗೆಯದು, ವಲೇರಿಯನ್ ಹೊರಗೆ ನಿಂತು ಕುತ್ತಿಗೆ ಒರೆಸಿಕೊಳ್ಳುತ್ತಿದ್ದಾನೆ, ದಪ್ಪಗಾಗಿದ್ದಾನೆ, ಅಂಗಿಯ ಹೆಗಲು ಎಳೆಯುತ್ತಿದೆ, ಆಯ್ತಾ, ಆಯ್ತು, ತೊಂದರೆ ಏನೂ ಕೊಡಲಿಲ್ಲ ತಾನೆ, ಇಲ್ಲ. ಎರಡೂ ಕೊಡು. ಕೆಂಪು ಕೊಟ್ಟಳು. ಹಳೇದು ನನ್ನ ಹತ್ರ ಇರಲಿ ವಾಲೂ, ಸತ್ತಿದ್ದು ಅದು, ನಿನಗ್ಯಾಕೆ. ಇಲ್ಲ ಸಾನ್ಸು, ವೀಸಾ ಕೇಳುವಾಗ ಅದನ್ನೂ ತೋರಿಸಬೇಕು, ಹಳೇದು ಇಲ್ಲದಿದ್ರೆ ಕೊಡಲ್ಲ, ರಜೆಗೆ ಅವಳು ಬರೋದು ಬೇಡವಾ ನಿನಗೆ, ಮೆತ್ತಗೆ ಹೇಳಿದ, ಅವನು ಯಾವಾಗಲೂ ಮೆತ್ತಗೇ ಹೇಳುವುದು, ಜಗಳವಾಡುವವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಕೊಟ್ಟಳು. ಅವನು ಎರಡನ್ನೂ ಒಟ್ಟಿಗೆ ಸೇರಿಸಿ ರಬ್ಬರ್ ಹಾಕಿ ಕಿಸೆಗೆ ತುರುಕಿದ. ಅಳಬಾರದು ಅಂತ ಫ್ರಾಕಿನ ಮಾತೆತ್ತಿದಳು, ಕೇಳು, ಕೆಳಗೆ ಅಂಚು ಬಿಟ್ಟಿದೀನಿ, ಮೊಣಕಾಲು ಕಾಣೋಕೆ ಶುರುವಾದ್ರೆ ಒಳಗಿನ ದಾರ ಕತ್ತರಿಸು, ಒಂದೇ ದಾರ, ಎಳೆದ್ರೆ ಪೂರ್ತಿ ಬರುತ್ತೆ, ಆಮೇಲೆ ಇಸ್ತ್ರಿ ಹಾಕು, ಗೊತ್ತಾಯ್ತಾ, ಅವನು ಗೊತ್ತಾಯ್ತು ಅಂದ, ಗೊತ್ತಾಗಿಲ್ಲ, ಕಣ್ಣು ತುಂಬಿದವನಿಗೆ ಏನು ಗೊತ್ತಾಗುತ್ತೆ. ಜೆನು ಹಿಂದಿನ ಸೀಟು ಹತ್ತಿದಳು, ಮುತ್ತು ಕೊಟ್ಟಾಯಿತು, ಇನ್ನೊಂದು ಕೊಟ್ಟಾಯಿತು, ಕೂದಲಲ್ಲಿ ತೆಂಗಿನೆಣ್ಣೆಯ ವಾಸನೆ, ನೀನು ಯಾವಾಗ ಬರ್ತೀಯಾ ಮಮ್ಮಾ, ನೀನೇ ಬರ್ತೀಯಲ್ಲ, ರಜೆಗೆ, ನನ್ನ ಹೆಸರು ಬರೆದು. ಬೆಲ್ಟು ಹಾಕಿದ, ಬಾಗಿಲು ಹಾಕಿದ, ಮುಂದೆ ಕೂತ, ಗಾಜು ಏರತೊಡಗಿತು, ಕಪ್ಪು ಗಾಜು, ಮುಖ ಮುಳುಗಿತು, ಕಣ್ಣು ಮುಳುಗಿತು, ಹಣೆ — ಗಾಜಿನ ಅಂಚಿನಲ್ಲಿ ಒಂದು ಬೆರಳ ತುದಿ, ನಾನೂ ನಿನ್ನ ಥರ ಮಮ್ಮಾ, ಒಳಗಿಂದ ದನಿ, ನಗು, ನಾನು ಕಾಣ್ತಿಲ್ಲ ಅಲ್ವಾ, ಬೆರಳು ಮಾತ್ರ ಅಲ್ವಾ, ಮತ್ತೆ ಅವನ ದನಿ, ಬೆರಳು ತೆಗಿ ಬಾಯೆ, ಸಿಕ್ಕಿಕೊಳ್ಳುತ್ತೆ, ತೆಗಿ — ಬೆರಳು ಒಳಗೆ ಸರಿಯಿತು, ಗಾಜು ಮುಚ್ಚಿತು, ಕಾರು ಹೊರಟಿತಾ, ಹೊರಟಿರಬೇಕು, ಯಾರೋ ಹಾರ್ನ್ ಮಾಡುತ್ತಿದ್ದಾರೆ, ಬದಿಗೆ ಬನ್ನಿ ಬಾಯಿ, ಬರುತ್ತೇನೆ, ಮತ್ತೆ ಆ ಹೊದಿಕೆಯೊಳಗೆ, ಹಾಲಿನಂಥ ಬೆಳಕು, ಉಸಿರು ಮುಖಕ್ಕೇ ವಾಪಸ್, ಅಂಗೈಯಲ್ಲಿ ಡಬಡಬ, ಹಿಡ್ಕೊಳ್ಳಿ ಬಾಯಿ, ತಾಯಿ ಕಾಣಬಾರದು, ಅಂಚಿನಲ್ಲಿ ಒಂದು ಬೆರಳ ತುದಿ, ಬಿಳಿ ಅಂಚಿನಲ್ಲಿ, ಒಂದು ಬೆರಳ ತುದಿ